ಕೆರೆಯೊಳಗಿನ ಬಳ್ಳಾರಿ ಜಾಲಿ: ಕಡಿದಷ್ಟೂ ಹೆಚ್ಚೋದು ಯಾಕೆ?

ಮಂಡ್ಯ: ಕೆರೆ ಅಂಗಳದ ತುಂಬಾ ಬಳ್ಳಾರಿ ಜಾಲಿ. ಪಂಚಾಯ್ತಿ ಹರಾಜು ಕೂಗುತ್ತೆ. ಹಿಡಿದವರು ಆಳು ಬಿಟ್ಟು, ಮಿಷನ್ ಗರಗಸ ತಂದು, ಹದಿನೈದು ದಿನದಲ್ಲಿ ಎಲ್ಲ ಕಡಿದು ಲಾರಿಗೆ ತುಂಬಿಸಿಕೊಂಡು ಹೋಗ್ತಾರೆ. ಕೆರೆ ಬಯಲಾಯ್ತು ಅಂತ ಊರಿನವರಿಗೂ ಖುಷಿ. ಒಂದು ಮಳೆಗಾಲ ಕಳೆಯಲಿ, ಒಂದು ಬೊಡ್ಡೆ ಇದ್ದ ಕಡೆ ಐದಾರು ಕವಲು ಎದ್ದಿರುತ್ತೆ. ಮೂರು ವರ್ಷಕ್ಕೆ ದನ ನುಗ್ಗೋಕೂ ಆಗದಷ್ಟು ಪೊದೆ. ಆಮೇಲೆ ಮತ್ತೆ ಹರಾಜು.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಮಳೆಯಾಶ್ರಿತ ಭಾಗದಲ್ಲಿ ಓಡಾಡಿದವರಿಗೆ ಇದು ಹೊಸದೇನಲ್ಲ. ಹೊಸದಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ: ಇಷ್ಟು ಸಲ ದುಡ್ಡು, ಆಳು, ಡೀಸೆಲ್ ಸುರಿದರೂ ಈ ಗಿಡ ಯಾಕೆ ಹೋಗಲ್ಲ? ಉತ್ತರ ಗಿಡದ ಬುಡದಲ್ಲಿದೆ. ಅರ್ಧ ಉತ್ತರ ಹರಾಜಿನ ಕಾಗದದಲ್ಲೂ ಇದೆ.

ಗೊಬ್ಬಳಿ ಬೇರೆ, ಇದು ಬೇರೆ

ಮೊದಲು ಗುರುತು ಸರಿ ಮಾಡಿಕೊಳ್ಳಬೇಕು. ಜಾಲಿ ಅಂದ ಕೂಡಲೇ ಎಲ್ಲವೂ ಒಂದೇ ಅಂತ ಕಡಿಯೋದರಿಂದ ನಮ್ಮ ನೆಲದ ಮರವೂ ಜೊತೆಗೇ ಹೋಗ್ತಿದೆ.

ಮಂಡ್ಯ ಕಡೆ ಗೊಬ್ಬಳಿ ಅನ್ನೋದು ಕರಿಜಾಲಿ. ಇದು ಹಳೇ ಕಾಲದಿಂದ ಇಲ್ಲೇ ಇರೋ ಮರ. ನೇಗಿಲು, ಗಾಡಿ ಗುಂಬ, ಗೂಟ ಎಲ್ಲಕ್ಕೂ ಇದರ ಮರವೇ ಬೇಕಿತ್ತು. ಚರ್ಮ ಹದ ಮಾಡೋಕೆ ಇದರ ತೊಗಟೆ. ಗುರುತು ಸುಲಭ: ತೊಗಟೆ ಕಪ್ಪಗೆ ಸೀಳುಸೀಳು, ಹೂವು ಹಳದಿ ಗುಂಡಿಯ ಹಾಗೆ ದುಂಡಗೆ, ಕಾಯಿ ಬೂದು ಬಣ್ಣದ ಮಣಿಸರದಂತೆ ಬೀಜಬೀಜಕ್ಕೂ ಕಚ್ಚಿಕೊಂಡಿರುತ್ತೆ.

ಬಳ್ಳಾರಿ ಜಾಲಿಯ ಹೂವು ದುಂಡಗಿರಲ್ಲ, ಹಿಪ್ಪಲಿಯಂತೆ ಉದ್ದಕ್ಕೆ ಜೋತಾಡುತ್ತೆ. ಕಾಯಿ ಹಣ್ಣಾದಾಗ ತಿಳಿಹಳದಿ, ಬೀನ್ಸ್‌ನಂತೆ ನೀಳವಾಗಿ ಸ್ವಲ್ಪ ಬಾಗಿರುತ್ತೆ, ಅಗಿದರೆ ಸಿಹಿ. ಮರ ಒಂದೇ ಬೊಡ್ಡೆಯಲ್ಲಿ ನೇರ ಬೆಳೆಯೋದು ಕಡಿಮೆ. ಬುಡದಿಂದಲೇ ನಾಲ್ಕಾರು ಕೊಂಬೆ ಬಾಗಿ ನೆಲ ಮುಚ್ಚುತ್ತೆ. ಎಲೆ ಬೇಸಿಗೆಯಲ್ಲೂ ಹಸಿರಾಗೇ ಇರುತ್ತೆ. ಮುಳ್ಳಿನ ವಿಷಯ ಪಂಚರ್ ಅಂಗಡಿಯವರನ್ನ ಕೇಳಿದರೆ ಸಾಕು.

ಇನ್ನೊಂದು ಸ್ವಾರಸ್ಯ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ. ವಿಜಯದಶಮಿ ದಿನ ಜನ ಪೂಜಿಸೋ ಬನ್ನಿ, ಅಂದರೆ ಪ್ರೊಸೋಪಿಸ್ ಸಿನೆರೇರಿಯಾ, ಇದರ ದಾಯಾದಿ. ಬನ್ನಿ ಎಲ್ಲೂ ಊರು ಮುತ್ತಿದ್ದಿಲ್ಲ, ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತು ಬೆಳೆಗೂ ಜಾಗ ಬಿಟ್ಟಿದೆ. ದೂರದ ದಾಯಾದಿ ಮಾತ್ರ ಹಾಗಲ್ಲ. ಈಚಿನ ವರ್ಷಗಳಲ್ಲಿ ವಿಜ್ಞಾನಿಗಳು ಇಬ್ಬರನ್ನೂ ಬೇರೆ ಮಾಡಿ, ಬಳ್ಳಾರಿ ಜಾಲಿಗೆ ನೆಲ್ಟುಮಾ ಅನ್ನೋ ಬೇರೆ ಕುಲದ ಹೆಸರು ಕೊಟ್ಟಿದ್ದಾರೆ.

ಕರೆಸಿಕೊಂಡಿದ್ದು ನಾವೇ

ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ, ಕೆರಿಬಿಯನ್ ದ್ವೀಪಗಳು. ಹಕ್ಕಿ ತಂದು ಬಿಸಾಕಿದ ಬೀಜವಲ್ಲ, ಸರ್ಕಾರವೇ ಪತ್ರ ಬರೆದು ತರಿಸಿದ್ದು. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ 1876ರಲ್ಲಿ ಬೀಜ ಬೇಕೆಂದು ಕೇಳಿದರು. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತನೆ ಆಯಿತು. ಅದು ಧಾತು ಬರದ ಕಾಲ. 1876ರಿಂದ 78ರವರೆಗೆ ಮೈಸೂರು ಸೀಮೆಯೂ ಸೇರಿ ದಕ್ಷಿಣದ ಬಯಲೆಲ್ಲ ಹಸಿವಿನಿಂದ ಬೆಂದಿತ್ತು. ನೀರಿಲ್ಲದಿದ್ದರೂ ಬೆಳೆಯೋ, ಬೇಗ ಸೌದೆ ಕೊಡೋ ಮರ ಅಂದರೆ ಯಾರಿಗೆ ಬೇಡ?

ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಆ ಒಣ ಸೀಮೆಯಿಂದ ಬಂದ ಜಾಲಿ ಅನ್ನೋದು ಹೆಸರಲ್ಲೇ ಉಳಿದಿದೆ. ಕೆಲವು ಕಡೆ ಸೀಮೆ ಜಾಲಿ ಅಂತಲೂ ಅಂತಾರೆ, ಸೀಮೆ ಎಣ್ಣೆ, ಸೀಮೆ ಹಸು ಅಂದ ಹಾಗೆ. ಜೋಧಪುರದ ಮಹಾರಾಜರು 1940ರಲ್ಲಿ ಇದನ್ನ ರಾಜಮರ್ಯಾದೆಯ ಮರ ಅಂತ ಸಾರಿದ್ದರು. ಗುಜರಾತಿನ ಕಛ್‌ನಲ್ಲಿ ಉಪ್ಪು ಮರಳು ತಡೀಲಿ ಅಂತ 1960ರ ಹೊತ್ತಿಗೆ ಅರಣ್ಯ ಇಲಾಖೆಯೇ ಸುಮಾರು 31 ಸಾವಿರ ಹೆಕ್ಟೇರ್‌ನಲ್ಲಿ ನೆಟ್ಟಿತು. ಈಗ ಅಲ್ಲಿಯ ಪ್ರಸಿದ್ಧ ಬನ್ನಿ ಹುಲ್ಲುಗಾವಲಿನ ದೊಡ್ಡ ಭಾಗವನ್ನ ಇದೇ ಗಿಡ ನುಂಗಿದೆ. ಅಲ್ಲಿಯ ಜನ ಇದಕ್ಕಿಟ್ಟ ಹೆಸರು ಗಾಂಡೊ ಬಾವಳ್, ಅಂದರೆ ಹುಚ್ಚು ಜಾಲಿ.

ಕೆನ್ಯಾ ದೇಶದ ಬರಿಂಗೊ ಪ್ರದೇಶದ ಕಥೆ ಇನ್ನೂ ವಿಚಿತ್ರ. ಅಲ್ಲೂ ಮರುಭೂಮಿ ತಡೆಯೋ ಯೋಜನೆ ಅಂತ 1980ರ ದಶಕದಲ್ಲಿ ನೆಟ್ಟರು. ಇಪ್ಪತ್ತು ವರ್ಷದ ಮೇಲೆ ದನಗಾಹಿಗಳು ಸರ್ಕಾರದ ಮೇಲೆ ಕೇಸು ಹಾಕಿ, ಸಾಕ್ಷಿಗೆ ಒಂದು ಮೇಕೆಯನ್ನ ಕೋರ್ಟಿಗೆ ಹಿಡಿದುಕೊಂಡು ಹೋದರು. ಸಿಹಿ ಕಾಯಿ ತಿಂದೂ ತಿಂದೂ ಆ ಮೇಕೆಗೆ ಹಲ್ಲೇ ಇರಲಿಲ್ಲ.

ಬೊಡ್ಡೆ ಬಿಟ್ಟರೆ ಬಿತ್ತನೆ ಮಾಡಿದ ಹಾಗೆ

ಈಗ ಮುಖ್ಯ ವಿಷಯ. ತೆಂಗಿನ ಮರದ ತಲೆ ಹೋದರೆ ಮರ ಹೋಯ್ತು. ಬಳ್ಳಾರಿ ಜಾಲಿಯ ಜೀವ ತಲೆಯಲ್ಲಿಲ್ಲ, ಬುಡದಲ್ಲಿದೆ. ಬೇರು ಮತ್ತು ಕಾಂಡ ಸೇರೋ ಜಾಗದಲ್ಲಿ, ಅದೂ ನೆಲಮಟ್ಟದಿಂದ ಕೆಳಗೆ, ಮಲಗಿರೋ ಮೊಗ್ಗುಗಳಿರುತ್ತವೆ. ಮೇಲಿನ ಮರ ಇರೋವರೆಗೆ ಅವು ಸುಮ್ಮನಿರುತ್ತವೆ. ಮೇಲೆ ಕಡಿದ ಕೂಡಲೇ ಎಲ್ಲ ಒಟ್ಟಿಗೆ ಎಚ್ಚರವಾಗುತ್ತವೆ. ಕೆಳಗೆ ಬೇರು ಪೂರ್ತಿ ಬಲವಾಗಿ ಇದೆ, ಆಹಾರ ದಾಸ್ತಾನಿದೆ. ಹೊಸ ಚಿಗುರಿಗೆ ಇನ್ನೇನು ಬೇಕು? ಅದಕ್ಕೇ ಒಂದಿದ್ದದ್ದು ಐದಾಗೋದು.

ಮೊಣಕಾಲೆತ್ತರ ಬೊಡ್ಡೆ ಬಿಟ್ಟು ಕಡಿಯೋದು ಗುತ್ತಿಗೆದಾರರಿಗೆ ಅನುಕೂಲ. ಬೆನ್ನು ಬಗ್ಗಿಸಬೇಕಿಲ್ಲ, ಗರಗಸಕ್ಕೆ ಮಣ್ಣು ತಾಗಿ ಹಲ್ಲು ಮೊಂಡಾಗಲ್ಲ, ದಿನಕ್ಕೆ ಎರಡು ಲೋಡು ಜಾಸ್ತಿ ಎದ್ದೇಳುತ್ತೆ. ಮೂರು ನಾಲ್ಕು ವರ್ಷಕ್ಕೆ ಮತ್ತೆ ಸೌದೆ ಸಿಗುತ್ತೆ ಅನ್ನೋದೂ ಅವರಿಗೆ ಗೊತ್ತು. ಅವರ ಲೆಕ್ಕದಲ್ಲಿ ಇದು ತಪ್ಪೂ ಅಲ್ಲ. ಹರಾಜಿನ ಕಾಗದದಲ್ಲಿ ಮರ ಕಟಾವು ಅಂತಷ್ಟೇ ಇದ್ದರೆ ಅವರು ಕಟಾವು ಮಾಡಿದ್ದಾರೆ, ಬುಡ ತೆಗೀರಿ ಅಂತ ಕೇಳೋಕೆ ಯಾರಿಗೂ ಹಕ್ಕಿಲ್ಲ.

ಎರಡನೇ ದಾರಿ ಬೀಜ. ಕಾಯಿಯಲ್ಲಿ ಸಕ್ಕರೆ ಅಂಶ ಚೆನ್ನಾಗಿದೆ, ದನ, ಕುರಿ ಆಸೆಬಿದ್ದು ತಿನ್ನುತ್ತವೆ. ಒಳಗಿನ ಬೀಜದ ಸಿಪ್ಪೆ ಗಟ್ಟಿ, ಹೊಟ್ಟೆಯಲ್ಲಿ ಕರಗಲ್ಲ. ಸಗಣಿ, ಹಿಕ್ಕೆ ಜೊತೆ ಹೊರಗೆ ಬರೋ ಹೊತ್ತಿಗೆ ಸಿಪ್ಪೆ ಸ್ವಲ್ಪ ಮೆತ್ತಗಾಗಿ, ಗೊಬ್ಬರವೂ ಸಿಕ್ಕಿ, ಮೊಳಕೆಗೆ ಸಿದ್ಧ. ಮಣ್ಣಲ್ಲಿ ಬಿದ್ದರೂ ವರ್ಷಗಟ್ಟಲೆ ಕಾಯುತ್ತೆ. ಕೆರೆ ಗೋಡು ಹೊಲಕ್ಕೆ ಹೊಡೆಸೋ ರೈತರು ಇದನ್ನ ಗಮನಿಸಬೇಕು. ಜಾಲಿ ಇದ್ದ ಕೆರೆಯ ಮಣ್ಣಿನ ಮೇಲ್ಪದರದಲ್ಲಿ ಬೀಜ ಇದ್ದೇ ಇರುತ್ತೆ. ಗೋಡು ಬೇಡ ಅಂತಲ್ಲ. ಹೊಡೆಸಿದ ಮೊದಲ ಎರಡು ಮಳೆಗಾಲ ಹೊಲದಲ್ಲಿ ಕಣ್ಣಿಟ್ಟು, ಗೇಣುದ್ದ ಇರುವಾಗಲೇ ಸಸಿ ಕಿತ್ತರೆ ಕೈಯಲ್ಲೇ ಬರುತ್ತೆ. ವರ್ಷ ಬಿಟ್ಟರೆ ಗುದ್ದಲಿ ಬೇಕು, ಮೂರು ವರ್ಷ ಬಿಟ್ಟರೆ ಜೆಸಿಬಿ.

ಬೇರು ಎಷ್ಟು ಆಳ ಹೋಗುತ್ತೆ ಅನ್ನೋದಕ್ಕೆ ಒಂದು ಲೆಕ್ಕ. ಅಮೆರಿಕದ ಅರಿಜೋನದಲ್ಲಿ ಗಣಿ ತೋಡುವಾಗ ಇದರ ಜಾತಿಯ ಮರದ ಬೇರು 53 ಮೀಟರ್ ಕೆಳಗೆ ಸಿಕ್ಕಿದ್ದು ದಾಖಲಾಗಿದೆ. ನಮ್ಮ ಕಡೆ ಕೆಲವು ಬೋರ್‌ವೆಲ್‌ಗಳಿಗೆ ಕೇಸಿಂಗ್ ಪೈಪೂ ಅಷ್ಟು ಇಳಿದಿರಲ್ಲ.

ನೀರೆಲ್ಲ ಕುಡಿದುಬಿಡುತ್ತಾ?

ವಾಟ್ಸಾಪಿನಲ್ಲಿ ಈ ಗಿಡದ ಬಗ್ಗೆ ಓಡಾಡೋ ಮಾತು ಸಾಕಷ್ಟಿವೆ. ಗಾಳಿಯ ತೇವ ಹೀರಿ ಮಳೆ ತಡೆಯುತ್ತೆ, ಆಮ್ಲಜನಕ ಕೊಡಲ್ಲ, ಪಕ್ಕದ ಬಾವಿ ಬತ್ತಿಸುತ್ತೆ ಅಂತೆಲ್ಲ. ಮೊದಲೆರಡು ಸುಳ್ಳು. ಎಲೆ ಹಸಿರಿರೋ ಯಾವ ಗಿಡವಾದರೂ ಆಮ್ಲಜನಕ ಕೊಟ್ಟೇ ಕೊಡುತ್ತೆ, ಮಳೆ ತಡೆಯೋ ಶಕ್ತಿ ಯಾವ ಪೊದೆಗೂ ಇಲ್ಲ.

ಮೂರನೆಯದು ಅರ್ಧ ನಿಜ. ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ ಮರದ ಕಾಂಡಕ್ಕೆ ಉಪಕರಣ ಹಾಕಿ ಅಳೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ಮರ ದಿನಕ್ಕೆ ಸರಾಸರಿ 7 ಲೀಟರ್, ಹೆಚ್ಚೆಂದರೆ 36 ಲೀಟರ್ ನೀರು ಬಳಸಿತ್ತು. ಒಂದು ಮರದ ಲೆಕ್ಕದಲ್ಲಿ ಇದು ಏನೂ ಅಲ್ಲ, ಒಂದು ಹಸು ಕುಡಿಯೋದು ಇದಕ್ಕಿಂತ ಜಾಸ್ತಿ. ಆದರೆ ಕೆರೆಯಲ್ಲಿ ಒಂದು ಮರ ಇರಲ್ಲ. ಎಕರೆಗೆ ಸಾವಿರ ಗಿಡ ಅಂತಿಟ್ಟುಕೊಂಡರೆ ದಿನಕ್ಕೆ 7,000 ಲೀಟರ್ ಆಯ್ತು, ದೊಡ್ಡದೊಂದು ಟ್ಯಾಂಕರ್ ನೀರು. ಬೇರೆ ಗಿಡ ಎಲೆ ಉದುರಿಸಿ ಸುಮ್ಮನಿರೋ ಬೇಸಿಗೆಯಲ್ಲೂ ಇದು ಹಸಿರಾಗಿ ನಿಂತು ಬಳಸ್ತಾನೇ ಇರುತ್ತೆ. ಕಬ್ಬು, ಭತ್ತದ ಗದ್ದೆ ಕುಡಿಯೋ ನೀರಿನ ಮುಂದೆ ಇದೂ ಸಣ್ಣದೇ, ಅದು ಬೇರೆ ಕಥೆ.

ಹೀಗೆ ಒಂದು ಗಿಡದ ಮೇಲೆ ಎಲ್ಲ ತಪ್ಪು ಹೊರಿಸಿ ಪೆಟ್ಟು ತಿಂದವರ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿಯ ಗಿಡದ ಹೆಸರು ಸಾಲ್ಟ್ ಸೀಡರ್, ಉಪ್ಪಿನ ಸೀಡರ್ ಅಂತ. ಸೀಡರ್‌ಗೂ ಅದಕ್ಕೂ ಸಂಬಂಧ ಇಲ್ಲ. ನೋಡೋಕೆ ನಮ್ಮ ಸರ್ವೆ ಮರದ ಹಾಗೆ ಸಣ್ಣ ಎಳೆ ಎಲೆ, ತಿಳಿಗುಲಾಬಿ ಹೂವು. ಎಲೆಯಲ್ಲಿರೋ ಗ್ರಂಥಿಯಿಂದ ಉಪ್ಪು ಹೊರಹಾಕುತ್ತೆ, ಅದು ಉದುರಿ ಬುಡದ ಮಣ್ಣೂ ಉಪ್ಪಾಗುತ್ತೆ. ಇದರ ಒಳಜಾತಿಗಳು ಗಂಗಾ ಬಯಲಿನಲ್ಲಿ ಸಹಜವಾಗೇ ಇವೆ, ಅಲ್ಲಿ ಝಾವೂ ಅಂತಾರೆ. ಅಮೆರಿಕಕ್ಕೆ ಮಾತ್ರ ಅದು ಏಷ್ಯಾ, ಯುರೋಪ್ ಕಡೆಯಿಂದ ಬಂದ ಪರದೇಶಿ. 1800ರ ನಂತರ ನರ್ಸರಿಗಳು ಅಂದದ ಗಿಡ ಅಂತ ಮಾರಿದವು, ಆಮೇಲೆ ನದಿ ದಡ ಕೊಚ್ಚದಿರಲಿ ಅಂತ ಸರ್ಕಾರವೇ ನೆಡಿಸಿತು. ಕೊಲರಾಡೊ, ರಿಯೊ ಗ್ರಾಂಡೆ ನದಿ ದಡಗಳನ್ನೆಲ್ಲ ಅದು ಮುತ್ತಿಕೊಂಡಿತು.

ಒಂದು ಮರ ದಿನಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್ ನೀರು ಕುಡಿಯುತ್ತೆ ಅನ್ನೋ ಲೆಕ್ಕ ಅಲ್ಲಿ ಎಲ್ಲರ ಬಾಯಲ್ಲಿತ್ತು. ಅದನ್ನ ನಂಬಿ ಕೋಟ್ಯಂತರ ಡಾಲರ್ ಸುರಿದು ಕಡಿದರು, ಸುಟ್ಟರು, ಔಷಧಿ ಹೊಡೆದರು. 2001ರಲ್ಲಿ ಅದರ ಎಲೆ ತಿನ್ನೋ ಜೀರುಂಡೆಯನ್ನೇ ಹೊರದೇಶದಿಂದ ತಂದು ಬಿಟ್ಟರು. ಗಿಡ ಒಣಗಿತು. ಆದರೆ ಅಷ್ಟರಲ್ಲಿ ಅಳಿವಿನಂಚಿನ ಒಂದು ಪುಟ್ಟ ಹಕ್ಕಿ ಬೇರೆ ಮರ ಸಿಗದೆ ಅದೇ ಗಿಡದಲ್ಲಿ ಗೂಡು ಕಟ್ಟಲು ಶುರುಮಾಡಿತ್ತು. 2010ರಲ್ಲಿ ಸರ್ಕಾರ ಜೀರುಂಡೆ ಬಿಡೋದನ್ನ ನಿಲ್ಲಿಸಿತು. ಅದೇ ವರ್ಷ ಬಂದ ಭೂವಿಜ್ಞಾನ ಇಲಾಖೆಯ ವರದಿ, ಗಿಡ ತೆಗೆದ ಮಾತ್ರಕ್ಕೆ ನದಿಯಲ್ಲಿ ನೀರು ಹೆಚ್ಚುತ್ತೆ ಅನ್ನೋಕೆ ಆಧಾರ ಸಾಲದು ಅಂತ ಹೇಳಿತು.

ಮಂಡ್ಯಕ್ಕೆ ಹತ್ತಿರವಾಗೋ ವಿಷಯ ಇಲ್ಲೇ ಇದೆ. ಆ ಗಿಡ ಅಷ್ಟು ಹಬ್ಬಿದ್ದು ಅದರ ಶಕ್ತಿಯೊಂದರಿಂದಲೇ ಅಲ್ಲ. ದೊಡ್ಡ ಅಣೆಕಟ್ಟು ಕಟ್ಟಿದ ಮೇಲೆ ವರ್ಷಾವರ್ಷ ಬರ್ತಿದ್ದ ಪ್ರವಾಹ ನಿಂತಿತು, ದಡದ ಹಳೇ ಮರಗಳು ಬೀಜ ಬಿದ್ದು ಹುಟ್ಟೋಕೆ ಬೇಕಿದ್ದ ಹಸಿ ಮೆಕ್ಕಲು ಸಿಗದೆ ಸೊರಗಿದವು. ಖಾಲಿಯಾದ ಜಾಗಕ್ಕೆ ಇದು ಬಂತು.

ಕೆರೆಯಲ್ಲೂ ಹಾಗೇ. ವರ್ಷಾವರ್ಷ ತುಂಬಿ ತಿಂಗಳುಗಟ್ಟಲೆ ನೀರು ನಿಲ್ಲೋ ಕೆರೆಯ ಅಂಗಳದಲ್ಲಿ ಎಳೇ ಜಾಲಿ ಸಸಿ ಮುಳುಗಿ ಕೊಳೆಯುತ್ತೆ. ನೀರು ಬರೋ ಹಳ್ಳ ಒತ್ತುವರಿಯಾಗಿ, ಪೂರಕ ಕಾಲುವೆ ಮುಚ್ಚಿ, ನಾಲ್ಕು ವರ್ಷಕ್ಕೊಮ್ಮೆ ಅರ್ಧ ತುಂಬೋ ಕೆರೆಯಲ್ಲಿ ಸಸಿಗೆ ಬಲಿಯೋಕೆ ಬೇಕಾದಷ್ಟು ಸಮಯ ಸಿಗುತ್ತೆ. ಒಮ್ಮೆ ಬಲಿತ ಮರಕ್ಕೆ ಆಮೇಲೆ ಸ್ವಲ್ಪ ದಿನ ಬುಡದಲ್ಲಿ ನೀರು ನಿಂತರೂ ಚಿಂತೆ ಇಲ್ಲ. 2023ರ ಬರದಂಥ ವರ್ಷ ಇದಕ್ಕೆ ಹಬ್ಬ. 2024ರ ಜುಲೈನಲ್ಲಿ ಕೆಆರ್‌ಎಸ್ 124.80 ಅಡಿ ಮುಟ್ಟಿತು, ನಿಜ. ಆದರೆ ಕನ್ನಂಬಾಡಿ ತುಂಬಿದರೆ ಎಲ್ಲ ಊರಿನ ಕೆರೆಯೂ ತುಂಬಲ್ಲ. ಹಿಂದೆ ಇರ್ವಿನ್ ನಾಲೆ ಅಂತಿದ್ದ ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದ ಕೆರೆಗಳಿಗೂ ಮದ್ದೂರು, ಮಳವಳ್ಳಿಯ ಕೊನೆ ಭಾಗದ ಕೆರೆಗಳಿಗೂ ಅಜಗಜಾಂತರ. ನೀರು ಸದಾ ನಿಂತಿರೋ ಕಡೆ ಅಂತರಗಂಗೆ ಮತ್ತು ಜೊಂಡಿನ ಕಾಟ, ನೀರು ಬಾರದ ಕಡೆ ಜಾಲಿಯ ಕಾಟ. ಕೆರೆಯಲ್ಲಿ ಏನು ಬೆಳೆದಿದೆ ಅಂತ ನೋಡಿದರೆ ಸಾಕು, ಆ ಕೆರೆಗೆ ನೀರು ಹೇಗೆ ಬರ್ತಿದೆ ಅಂತ ಹೇಳಬಹುದು.

ಹಾಗಾಗಿ ಜಾಲಿ ತೆಗೆದು ಕಾಲುವೆ ಬಿಡಿಸದಿದ್ದರೆ ಕೆಲಸ ಅರ್ಧ.

ಪೊದೆಯಿಂದ ಏನು ನಷ್ಟ?

ಹಳ್ಳದ ನೀರು ಕೆರೆಗೆ ಬರುವಾಗ ಮಣ್ಣು ಹೊತ್ತು ತರುತ್ತೆ. ಪೊದೆ ಇದ್ದರೆ ನೀರಿನ ವೇಗ ಅಲ್ಲೇ ಮುರಿದು ಹೂಳು ಬುಡದಲ್ಲೇ ಕೂರುತ್ತೆ. ಅಂಗಳ ಏರುತ್ತೆ, ನೀರು ನಿಲ್ಲೋ ಆಳ ಕಡಿಮೆ ಆಗುತ್ತೆ. ತೂಬಿನ ಹತ್ತಿರ ಬೆಳೆದರೆ ನೀರಗಂಟಿಗೆ ತೂಬು ಎತ್ತೋಕೂ ಆಗಲ್ಲ. ಕೋಡಿ ಮೇಲೆ ಬೆಳೆದರೆ ಮಳೆ ಜೋರಾದಾಗ ನೀರು ಹೊರಗೆ ಹೋಗೋ ದಾರಿ ಕಟ್ಟಿ ಏರಿಗೇ ಅಪಾಯ.

ಗಿಡದ ಕೆಳಗೆ ಹುಲ್ಲು ಹುಟ್ಟಲ್ಲ. ಉದುರಿದ ಎಲೆಯಲ್ಲಿರೋ ರಾಸಾಯನಿಕ ಬೇರೆ ಬೀಜ ಮೊಳೆಯೋಕೆ ಬಿಡಲ್ಲ ಅನ್ನೋದು ಪ್ರಯೋಗಗಳಲ್ಲಿ ಕಂಡಿದೆ. ಕೆರೆ ಅಂಗಳದ ಹುಲ್ಲನ್ನೇ ನಂಬಿದ ಕುರಿ, ದನದವರಿಗೆ ಇದೇ ದೊಡ್ಡ ಪೆಟ್ಟು. ಕಾಡುಹಂದಿಗೆ ಹಗಲು ಮಲಗೋಕೆ ಇದಕ್ಕಿಂತ ಒಳ್ಳೇ ಜಾಗ ಬೇಕಿಲ್ಲ, ರಾತ್ರಿ ಪಕ್ಕದ ಕಬ್ಬು, ಮುಸುಕಿನ ಜೋಳ ಇದ್ದೇ ಇದೆ. ಊರಿಗೆ ಹತ್ತಿರದ ಕೆರೆಯಾದರೆ ಕೋಳಿ ಅಂಗಡಿ ತ್ಯಾಜ್ಯ, ಕಟ್ಟಡದ ರಬ್ಬೀಶು ತಂದು ಸುರಿಯೋಕೆ ಪೊದೆ ಒಳ್ಳೇ ಮರೆ.

ಹಕ್ಕಿಗಳ ಮಾತೂ ಸೇರಿಸಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. 2007ರಲ್ಲಿ ಅದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಲಾಗಿದೆ. ಗೂಡಿಗೆ ಮರ ಊರಲ್ಲಿದೆ, ಮೀನು ಮಾತ್ರ ಶಿಂಷಾ ನದಿಯಿಂದ, ಸುತ್ತಲ ಕೆರೆಗಳಿಂದಲೇ ಬರಬೇಕು. ಹೆಜ್ಜಾರ್ಲೆಯಂಥ ಭಾರದ ಹಕ್ಕಿಗೆ ಇಳಿಯೋಕೂ ಏಳೋಕೂ ತೆರೆದ ನೀರು ಬೇಕು. ಮುಳ್ಳಿನ ಪೊದೆ ತುಂಬಿದ ಕೆರೆ ಅದರ ಪಾಲಿಗೆ ಇಲ್ಲದ ಹಾಗೆ.

ಇದನ್ನ ನಂಬಿರೋರೂ ಇದ್ದಾರೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಲೇಬೇಕು. ಸೌದೆ ಅಂದರೆ ಇದೇ ಸೌದೆ. ಕಟ್ಟಿಗೆ ಗಟ್ಟಿ, ಕೆಂಡ ಹೆಚ್ಚು ಹೊತ್ತು ನಿಲ್ಲುತ್ತೆ, ಸ್ವಲ್ಪ ಹಸಿ ಇದ್ದರೂ ಉರಿಯುತ್ತೆ. ಹೋಟೆಲಿನ ಹಿಂದಿನ ಒಲೆ, ಬೇಕರಿ ಗೂಡು, ಕಲ್ಯಾಣ ಮಂಟಪದ ಅಡುಗೆ, ಇಟ್ಟಿಗೆ ಗೂಡು ಎಲ್ಲಕ್ಕೂ ಬೇಕು. ಇಸ್ತ್ರಿ ಅಂಗಡಿಯ ಪೆಟ್ಟಿಗೆಯಲ್ಲಿ ಕೆಂಪಗೆ ಕಾಣೋ ಇದ್ದಿಲು ಬಹಳ ಸಲ ಇದರದ್ದೇ. ಸಿಲಿಂಡರ್ ರೇಟ್ ಏರಿದಾಗಲೆಲ್ಲ ತಲೆ ಮೇಲೆ ಹೊರೆ ಹೊತ್ತು ಬರೋ ಹೆಂಗಸರ ಮನೆ ಒಲೆಗೆ ಇದೇ ಆಸರೆ. ಇದು ಬರದಿದ್ದರೆ ಗೊಬ್ಬಳಿ, ಹೊಂಗೆ ಇನ್ನೂ ಬೇಗ ಒಲೆ ಸೇರ್ತಿದ್ದವು ಅನ್ನೋ ವಾದದಲ್ಲೂ ಹುರುಳಿದೆ.

ಕಾಯಿಗೂ ಬೆಲೆ ಇದೆ. ಬೀಜ ಸಮೇತ ನುಣ್ಣಗೆ ಪುಡಿ ಮಾಡಿ ಬೂಸ, ಹಿಂಡಿ ಜೊತೆ ಸ್ವಲ್ಪ ಬೆರೆಸಿದರೆ ಒಳ್ಳೇ ಮೇವು, ಬೀಜವೂ ಸತ್ತಿರುತ್ತೆ. ಬರೀ ಕಾಯಿಯನ್ನೇ ದಿನಗಟ್ಟಲೆ ತಿಂದರೆ ಮಾತ್ರ ದನಕ್ಕೆ ದವಡೆ ವಾಲೋ ಕಾಯಿಲೆ ಬರುತ್ತೆ. ಜೋಧಪುರದ ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆಯವರು ಇದರ ಕಾಯಿ ಹುರಿದು ಕಾಫಿಯಂಥ ಪುಡಿಯನ್ನೂ ಮಾಡಿದ್ದಾರೆ. ಮದ್ದೂರು ವಡೆ ಜೊತೆಗೆ ಅದು ಹೊಂದುತ್ತೋ ಇಲ್ಲವೋ, ನೋಡಿದವರಿಲ್ಲ.

ಚೌಳು ನೆಲದ ವಿಷಯವೂ ಇದೆ. ನಾಲೆ ನೀರು ಹೆಚ್ಚಾಗಿ, ಬಸಿಯೋಕೆ ದಾರಿ ಇಲ್ಲದೆ ಚೌಳಾದ ಜಮೀನು ವಿಶ್ವೇಶ್ವರಯ್ಯ ನಾಲೆ ಅಚ್ಚುಕಟ್ಟಿನಲ್ಲಿ ಸಾಕಷ್ಟಿದೆ. ಹರಿಯಾಣದ ಕರ್ನಾಲ್‌ನಲ್ಲಿರೋ ಕೇಂದ್ರೀಯ ಚೌಳು ಮಣ್ಣು ಸಂಶೋಧನಾ ಸಂಸ್ಥೆಯ ಪ್ರಯೋಗಗಳಲ್ಲಿ, ಬೇರೇನೂ ಬಾರದ ಕ್ಷಾರದ ನೆಲದಲ್ಲಿ ಬಳ್ಳಾರಿ ಜಾಲಿ ಬೆಳೆದು ಮಣ್ಣಿನ ಗುಣ ಸುಧಾರಿಸಿದ್ದು ಕಂಡಿದೆ. ಆದರೆ ಅದಕ್ಕಾಗಿ ಇಲ್ಲಿ ಯಾರೂ ಹೊಸದಾಗಿ ನೆಡೋ ಗೋಜಿಗೆ ಹೋಗಬೇಕಿಲ್ಲ. ಗೊಬ್ಬಳಿ, ಹೊಂಗೆಯೂ ಚೌಳು ತಡೀತವೆ.

ಎಲ್ಲ ಕಡೆಯಿಂದ ಒಂದೇ ಸಲ ಕಿತ್ತುಹಾಕ್ತೀವಿ ಅನ್ನೋದು ಆಗದ ಮಾತು. ಪಕ್ಕದ ತಮಿಳುನಾಡಿನಲ್ಲಿ 2017ರ ಶುರುವಿನಲ್ಲಿ ಹೈಕೋರ್ಟಿನ ಮಧುರೈ ಪೀಠ ಗಡುವು ಹಾಕಿ ಈ ಗಿಡ ತೆಗೆಸಲು ಹೊರಟಿತ್ತು. ಕೆಲವೇ ತಿಂಗಳಲ್ಲಿ ಅದಕ್ಕೆ ತಡೆ ಬಿದ್ದು, ತಜ್ಞರ ಅಭಿಪ್ರಾಯ ಬರಲಿ ಅಂತಾಯ್ತು. 2022ರಲ್ಲಿ ಆ ಸರ್ಕಾರ ಪರದೇಶಿ ಕಳೆಗಿಡಗಳಿಗೇ ಒಂದು ನೀತಿ ತಂದು, ತೆಗೆದ ಜಾಗದಲ್ಲಿ ಊರ ಗಿಡ ಬೆಳೆಸೋದನ್ನೂ ಸೇರಿಸಿತು. ಇಲ್ಲಿ ಮೊದಲು ಕೆರೆ, ಕಾಲುವೆ, ಕೋಡಿ ಬಿಡಿಸಿಕೊಂಡರೆ ಸಾಕು. ರೈಲ್ವೆ ಹಳಿ ಪಕ್ಕದ್ದು, ಪಾಳು ಗೋಮಾಳದ್ದು ಸೌದೆಗೆ ಇರಲಿ.

ಹರಾಜಿನ ಕಾಗದದಲ್ಲಿ ಏನಿರಬೇಕು

ಮೊದಲು ಕೆರೆ ಯಾರದ್ದು ಅಂತ ತಿಳಿದುಕೊಳ್ಳಬೇಕು. ನಲವತ್ತು ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು ಇರೋ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದ್ದು, ನಾಲೆ ನೀರಿನ ಜಾಲದಲ್ಲಿರೋ ಕೆರೆಗಳು ಕಾವೇರಿ ನೀರಾವರಿ ನಿಗಮಕ್ಕೆ ಸೇರಿರಬಹುದು, ಸಣ್ಣ ಕೆರೆ ಕಟ್ಟೆಗಳು ಪಂಚಾಯ್ತಿಯವು. ಸ್ವಂತ ಜಮೀನಿನ ಬಳ್ಳಾರಿ ಜಾಲಿ ಕಡಿಯೋಕೆ ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಜೊತೆ ಇದೂ ವಿನಾಯ್ತಿ ಪಟ್ಟಿಯಲ್ಲಿದೆ. ಗೊಬ್ಬಳಿ ಕಡಿಯೋ ಮುಂಚೆ ಮಾತ್ರ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳೋದು ಒಳ್ಳೇದು. ಸರ್ಕಾರಿ ಕೆರೆಯ ಮರ ಸರ್ಕಾರದ ಸ್ವತ್ತು, ಹರಾಜಿಲ್ಲದೆ ಯಾರೂ ಮುಟ್ಟೋ ಹಾಗಿಲ್ಲ.

ಇನ್ನು ಷರತ್ತು. ಕಟಾವು ಅನ್ನೋ ಒಂದು ಪದದ ಜಾಗದಲ್ಲಿ, ಬುಡ ಸಮೇತ, ನೆಲಮಟ್ಟದಿಂದ ಒಂದು ಅಡಿ ಕೆಳಗಿನವರೆಗೆ ತೆಗೆಯಬೇಕು ಅನ್ನೋ ಸಾಲು ಬರಬೇಕು. ಆಗ ಹರಾಜಿನ ಮೊತ್ತ ಇಳಿಯುತ್ತೆ, ಅದು ಸಹಜ. ಬುಡ ಎತ್ತೋಕೆ ಜೆಸಿಬಿ ಬಾಡಿಗೆ ಬೀಳುತ್ತೆ. ಆದರೆ ಬೊಡ್ಡೆಯೂ ಸೌದೆಯೇ, ತೂಕ ಚೆನ್ನಾಗಿ ಬರುತ್ತೆ, ಇದ್ದಿಲಿಗೆ ಅದೇ ಮೇಲು. ಪಂಚಾಯ್ತಿಗೆ ಈ ಸಲ ಬರೋ ದುಡ್ಡು ಸ್ವಲ್ಪ ಕಡಿಮೆಯಾದರೂ ಮೂರು ವರ್ಷಕ್ಕೊಮ್ಮೆ ಅದೇ ಪೊದೆ ನೋಡೋದು ತಪ್ಪುತ್ತೆ. ಹಿಡಿದವರಿಂದ ಠೇವಣಿ ಇಟ್ಟುಕೊಂಡು, ಒಂದು ಮಳೆಗಾಲ ಕಳೆದು ಚಿಗುರು ಬಂದಿಲ್ಲ ಅಂತ ನೋಡಿದ ಮೇಲೇ ವಾಪಸ್ ಕೊಡೋ ಷರತ್ತು ಇದ್ದರೆ ಇನ್ನೂ ಗಟ್ಟಿ.

ಗೊಬ್ಬಳಿ, ಹೊಂಗೆ, ನೇರಳೆ ಇದ್ದರೆ ಹರಾಜಿಗೆ ಮೊದಲೇ ಬಣ್ಣ ಹಚ್ಚಿ ಗುರುತು ಮಾಡಿ ಎಣಿಸಿಡಬೇಕು. ಕಡಿದ ಮೇಲೆ ಎಲ್ಲವೂ ಸೌದೆ, ಯಾವುದು ಯಾವುದು ಅಂತ ಗೊತ್ತಾಗಲ್ಲ. ಕೆಲಸ ಅಂಗಳ ಒಣಗಿರೋವಾಗ, ಕಾಯಿ ಹಣ್ಣಾಗಿ ಉದುರೋ ಮೊದಲೇ ಮುಗಿಯ್ಬೇಕು, ಇಲ್ಲದಿದ್ದರೆ ಲಾರಿ ಹೋದ ದಾರಿಯುದ್ದಕ್ಕೂ ಬಿತ್ತನೆ.

ಏರಿ ಮೇಲಿನ ಮರದ ವಿಷಯದಲ್ಲಿ ಎಚ್ಚರ ಬೇಕು. ಅಲ್ಲಿ ಜೆಸಿಬಿ ಹಾಕಿ ಬುಡ ಕಿತ್ತರೆ ಏರಿಯ ಮಣ್ಣೂ ಕಲ್ಲುಕಟ್ಟಡವೂ ಸಡಿಲವಾಗುತ್ತೆ. ಹಾಗೇ ಬಿಟ್ಟು ಬೇರು ಸತ್ತು ಕೊಳೆತರೆ ಅದೇ ಪೈಪಿನಂತಾಗಿ ನೀರು ಜಿನುಗುತ್ತೆ. ಎಂಜಿನಿಯರ್ ಮುಂದೆ ನಿಂತು, ತೆಗೆದ ಗುಂಡಿಗೆ ಪದರಪದರವಾಗಿ ಮಣ್ಣು ತುಂಬಿ ದಿಮ್ಮಸು ಹೊಡೆಸೋ ಏರ್ಪಾಡು ಇದ್ದರೆ ಮಾತ್ರ ಅದಕ್ಕೆ ಕೈ ಹಾಕಬೇಕು. ಬೊಡ್ಡೆಗೆ ಕಳೆನಾಶಕ, ಡೀಸೆಲ್ ಸುರಿಯೋ ಉಪಾಯವನ್ನ ಕೆಲವರು ಹೇಳ್ತಾರೆ. ಕೆರೆಯೊಳಗೆ ಅದು ಬೇಡ. ಅದೇ ನೀರನ್ನ ದನ ಕುಡಿಯುತ್ತೆ, ಅದರಲ್ಲೇ ಮೀನು ಬಿಡ್ತಾರೆ.

ಬುಡ ತೆಗೆದ ಮೊದಲ ಮಳೆಗೆ ಮಣ್ಣಲ್ಲಿ ಕಾದಿದ್ದ ಬೀಜ ಸಾವಿರಗಟ್ಟಲೆ ಮೊಳೆಯುತ್ತೆ. ಕೆಲಸ ಹಾಳಾಯ್ತು ಅಂತ ಕೈಬಿಡೋದು ಸಾಮಾನ್ಯವಾಗಿ ಆಗಲೇ. ನೆಲ ಹಸಿ ಇರುವಾಗ ಎರಡು ಮೂರು ಸಲ ಕೈಯಿಂದ ಕೀಳಿಸಿದರೆ, ಎರಡನೇ ವರ್ಷ ಸಂಖ್ಯೆ ಇಳಿಯುತ್ತೆ. ಕೆರೆ ತುಂಬಿಬಿಟ್ಟರೆ ಆ ಕೂಲಿಯೂ ಉಳಿಯಿತು. ಮುಂದಿನ ಗ್ರಾಮಸಭೆಯಲ್ಲಿ ಜಾಲಿ ಹರಾಜಿನ ವಿಷಯ ಬಂದರೆ ಷರತ್ತಿನ ಪ್ರತಿ ಕೇಳಿ ಓದೋ ಅವಕಾಶ ಊರಿನ ಯಾವ ಮತದಾರರಿಗಾದರೂ ಇದೆ.